ಬೇಸಿಗೆ ರಜೆ, ಈಜುಕೊಳ ಮತ್ತು ಮಕ್ಕಳು: ಮಲೆನಾಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ಶಿವಮೊಗ್ಗದಲ್ಲಿ ಮಕ್ಕಳನ್ನು ಈಜು ತರಗತಿಗೆ ಸೇರಿಸುವ ಗಡಿಬಿಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋಂಸ್ಟೇಗಳು ಭರ್ತಿ. ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ಅಜ್ಜಿ ಮನೆಯ ತೋಟ, ಹೊಂಡ, ಹೊಳೆ ಸುತ್ತುವುದೂ ಇದೇ ಕಾಲದಲ್ಲಿ. ಮೊದಲೆಲ್ಲ ಮಲೆನಾಡಿನ ಮಕ್ಕಳಿಗೆ ನೀರಾಟ ಎಂದರೆ ಹೊಳೆ. ಈಗ ಗುಡ್ಡದ ನೆತ್ತಿಯಲ್ಲೂ ನೀಲಿ ಟೈಲ್ಸ್ ಹಾಕಿದ ಕೊಳ ಇದೆ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಕೊಳದ ಬಗ್ಗೆಯೇ. ಆದರೆ ನಮ್ಮ ಕಡೆ ಕೊಳದ ಮಾತು ತೆಗೆದರೆ ಹೊಂಡ, ಹೊಳೆ, ನಾಲೆ ಬರದೆ ಇರುವುದಿಲ್ಲ.

ನಾವು ಹತ್ತು ಜನ ದೊಡ್ಡವರು ಕೊಳದ ಪಕ್ಕದಲ್ಲೇ ಇರುತ್ತೇವೆ. ಸಾಲದಾ?

ಸಾಲದು. ಹತ್ತು ಜನ ಇದ್ದಾರೆ ಅನ್ನುವುದೇ ತೊಂದರೆ. ಅಪ್ಪ ನೋಡುತ್ತಿದ್ದಾರೆ ಎಂದು ಅಮ್ಮ ಅಂದುಕೊಂಡಿರುತ್ತಾರೆ. ಚಿಕ್ಕಪ್ಪ ನೋಡುತ್ತಿದ್ದಾನೆ ಎಂದು ಅಪ್ಪ ಅಂದುಕೊಂಡಿರುತ್ತಾರೆ. ಚಿಕ್ಕಪ್ಪ ಅಡುಗೆಮನೆಯಿಂದ ಬಜ್ಜಿ ಬಂತಾ ಎಂದು ನೋಡುತ್ತಿರುತ್ತಾನೆ.

ಹತ್ತು ಜನರಲ್ಲಿ ಒಬ್ಬರನ್ನು ಹೆಸರು ಹಿಡಿದು ಹೇಳಿ: "ಈಗಿನಿಂದ ಇಪ್ಪತ್ತು ನಿಮಿಷ ನೀನು ನೋಡ್ಕೋ." ಆ ಇಪ್ಪತ್ತು ನಿಮಿಷ ಅವರ ಕೈಯಲ್ಲಿ ಮೊಬೈಲ್ ಇರಬಾರದು, ಗ್ಲಾಸ್ ಇರಬಾರದು, ಇಸ್ಪೀಟ್ ಎಲೆ ಅಂತೂ ಬೇಡವೇ ಬೇಡ. ಕೊರಳಿಗೆ ಒಂದು ಸೀಟಿ ಹಾಕಿಕೊಂಡರೆ ಒಳ್ಳೆಯದು. ಸರದಿ ಯಾರದ್ದು ಎಂದು ಎಲ್ಲರಿಗೂ ಕಾಣುತ್ತದೆ, ಮಕ್ಕಳಿಗೂ ಗೊತ್ತಾಗುತ್ತದೆ. ಸರದಿ ಬದಲಾಗುವಾಗ ಬಾಯಿಬಿಟ್ಟು ಹೇಳಬೇಕು. "ನಾನು ಏಳುತ್ತಿದ್ದೇನೆ, ನೀವು ನೋಡಿ." ಆ ಕಡೆಯಿಂದ "ಸರಿ, ನೋಡ್ತಿದ್ದೇನೆ" ಎಂಬ ಉತ್ತರ ಬಂದ ಮೇಲೆಯೇ ಏಳಬೇಕು. ಕಣ್ಸನ್ನೆ, ತಲೆಯಾಡಿಸುವುದು ಲೆಕ್ಕಕ್ಕಿಲ್ಲ.

ಐದು ವರ್ಷದೊಳಗಿನ ಮಕ್ಕಳು ಮತ್ತು ಈಜು ಬಾರದ ಯಾವುದೇ ಮಗುವಿಗೆ ಇಷ್ಟೂ ಸಾಲದು. ದೊಡ್ಡವರು ನೀರಿನೊಳಗೇ ಇರಬೇಕು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ. ಹತ್ತು ವರ್ಷದ ಅಕ್ಕನಿಗೆ "ತಮ್ಮನನ್ನು ನೋಡ್ಕೋ" ಎಂದು ಒಪ್ಪಿಸಿ ಊಟಕ್ಕೆ ಹೋಗುವುದು ನಮ್ಮಲ್ಲಿ ಮಾಮೂಲಿ. ಅದು ಆ ಹುಡುಗಿಗೂ ಅನ್ಯಾಯ.

ಮುಳುಗುವ ಮಗು ಕೂಗಿಕೊಳ್ಳುವುದಿಲ್ಲವೇ? ಶಬ್ದ ಕೇಳಿದರೆ ಓಡಿ ಹೋಗಬಹುದಲ್ಲ?

ಹೆಚ್ಚಿನ ಸಲ ಶಬ್ದವೇ ಇರುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ "ಕಾಪಾಡಿ" ಎಂದು ಕೂಗಲು ಉಸಿರು ಬೇಕು. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಉಸಿರು ಎಳೆದುಕೊಳ್ಳುವುದಕ್ಕೇ ಪುರುಸೊತ್ತು ಸಿಗುವುದಿಲ್ಲ. ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಮೈ ನೆಟ್ಟಗೆ ನಿಂತ ಹಾಗಿರುತ್ತದೆ, ಕಾಲು ಬಡಿತ ಕಾಣುವುದಿಲ್ಲ. ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದಿರುತ್ತದೆ, ಕೂದಲು ಹಣೆ, ಕಣ್ಣಿನ ಮೇಲೆ ಬಿದ್ದಿದ್ದರೂ ಸರಿಸಿಕೊಳ್ಳುವುದಿಲ್ಲ. ದೂರದಿಂದ ನೋಡಿದವರಿಗೆ ಆಟ ಆಡುತ್ತಿದೆ ಅನ್ನಿಸುತ್ತದೆ. ಇದೆಲ್ಲ ನಡೆಯುವುದು 20ರಿಂದ 60 ಸೆಕೆಂಡಿನೊಳಗೆ.

ಅನುಮಾನ ಬಂದರೆ "ಏನೋ, ಸರಿ ಇದ್ದೀಯಾ?" ಎಂದು ಕೂಗಿ. ಉತ್ತರ ಬರಲಿಲ್ಲ ಎಂದರೆ ತಕ್ಷಣ ನೆರವಿಗೆ ಓಡುವ ಹೊತ್ತು. ಗಲಾಟೆ ಮಾಡುತ್ತಿದ್ದ ಮಕ್ಕಳು ಇದ್ದಕ್ಕಿದ್ದಂತೆ ಸುಮ್ಮನಾದರೆ ಮೊದಲು ತಿರುಗಿ ನೋಡಬೇಕಾದ್ದು ಕೊಳದ ಕಡೆಗೆ.

ಮನೆಯಲ್ಲಿ ಮಗು ಕಾಣುತ್ತಿಲ್ಲ ಎಂದಾಗಲೂ ಅಷ್ಟೇ. ಕೋಣೆ, ಅಟ್ಟ, ಮಂಚದ ಕೆಳಗೆ ಆಮೇಲೆ. ಮೊದಲು ನೀರು.

ನಮ್ಮ ಹುಡುಗನಿಗೆ ಈಜು ಬರುತ್ತದೆ. ಅವನ ಬಗ್ಗೆ ಇಷ್ಟೊಂದು ಚಿಂತೆ ಬೇಕಾ?

ಬರುತ್ತದೆ ಎಂದರೆ ಎಷ್ಟು ಬರುತ್ತದೆ? ಬೇಸಿಗೆ ಶಿಬಿರದಲ್ಲಿ ಎರಡು ವಾರ ಕಲಿತು ಅಗಲಕ್ಕೆ ಒಂದು ಸಲ ದಾಟಿದ ಮಗುವಿಗೆ ಈಜು ಬಂತು ಎಂದು ನಾವು ಊರೆಲ್ಲ ಹೇಳಿಕೊಂಡು ಬರುತ್ತೇವೆ. ನಾನು ನೋಡುವುದು ಬೇರೆ. ತಲೆ ಮುಳುಗುವ ನೀರಿಗೆ ಬಿದ್ದ ಮೇಲೆ ತಾನೇ ಮೇಲೆ ಬರಬೇಕು. ಒಂದು ನಿಮಿಷ ತೇಲಬೇಕು ಅಥವಾ ನಿಂತಲ್ಲೇ ಕೈಕಾಲು ಆಡಿಸಿಕೊಂಡು ಇರಬೇಕು. ಸುತ್ತ ತಿರುಗಿ ದಡ ಎಲ್ಲಿದೆ ಎಂದು ಗುರುತಿಸಬೇಕು. ಸುಮಾರು 25 ಮೀಟರ್ ಈಜಿ ಅಲ್ಲಿಗೆ ಮುಟ್ಟಬೇಕು. ಮೆಟ್ಟಿಲು, ಏಣಿ ಇಲ್ಲದೆ ಹತ್ತಿ ಬರಬೇಕು. ಈ ಐದನ್ನೂ ಬಟ್ಟೆ ಹಾಕಿಕೊಂಡೇ ಮಾಡಿದರೆ ಆಗ ಒಪ್ಪೋಣ. ಆಗಲೂ ಅದು ಕೊಳದ ಈಜು, ಹೊಳೆಯ ಈಜಲ್ಲ. ನೋಡುವ ಕಣ್ಣು ಒಂದು ಬೇಕೇ ಬೇಕು.

ಕಲಿಸುವುದನ್ನು ಮಾತ್ರ ತಪ್ಪಿಸಬೇಡಿ. ಒಂದು ವರ್ಷ ದಾಟಿದ ಮಕ್ಕಳಿಗೂ ಅಪ್ಪ ಅಮ್ಮನ ಜೊತೆ ನೀರಿನ ಪಾಠ ಶುರು ಮಾಡಬಹುದು ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಸರಿಯಾಗಿ ಕಲಿಯಲು ತಯಾರಾಗಿರುತ್ತಾರೆ. ಹೆಣ್ಣು ಮಕ್ಕಳಿಗೆ "ಯಾಕೆ ಬೇಕು" ಎಂದು ಬಿಟ್ಟುಬಿಡುವ ಮನೆಗಳು ಇನ್ನೂ ಇವೆ. ನೀರಿಗೆ ಗಂಡು ಹೆಣ್ಣು ಗೊತ್ತಿಲ್ಲ.

ತೋಳಿಗೆ ಹಾಕುವ ಗಾಳಿ ಪಟ್ಟಿ, ಟ್ಯೂಬ್ ಹಾಕಿದ್ದೇವೆ. ಆಗಲ್ವಾ?

ಅವು ಆಟದ ಸಾಮಾನು. ಗಾಳಿ ಹೋಗುತ್ತದೆ, ತೋಳಿನಿಂದ ಜಾರುತ್ತದೆ, ಟ್ಯೂಬ್ ಮಗುಚಿ ತಲೆ ಕೆಳಗೆ ಕಾಲು ಮೇಲೆ ಆಗುತ್ತದೆ. ಹಳೆ ಕಾಲದಲ್ಲಿ ಹೊಳೆಯಲ್ಲಿ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ಆದರೆ ಕಟ್ಟಿದವರು ಪಕ್ಕದಲ್ಲೇ ನೀರಿನಲ್ಲಿ ನಿಂತಿರುತ್ತಿದ್ದರು.

ಬೇಕಾದ್ದು ಲೈಫ್ ಜಾಕೆಟ್. ಮಗುವಿನ ತೂಕಕ್ಕೆ ಸರಿಯಾದದ್ದು. ಹಾಕಿಸಿ, ಎಲ್ಲ ಬಕಲ್ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿ, ಗಲ್ಲದ ತನಕ ಏರಿ ಬಂದರೆ ಅದು ದೊಡ್ಡದು. ಪುಟ್ಟ ಮಕ್ಕಳದ್ದಕ್ಕೆ ತೊಡೆಗಳ ನಡುವೆ ಹಾಯುವ ಪಟ್ಟಿಯೂ ಇರಬೇಕು. ಹೊನ್ನೆಮರಡುವಿನಂಥ ಶರಾವತಿ ಹಿನ್ನೀರಿಗೆ, ಯಾವುದೇ ದೋಣಿ ಅಥವಾ ತೆಪ್ಪಕ್ಕೆ ಹೋಗುವಾಗ ಜಾಕೆಟ್ ಇಲ್ಲದೆ ಕಾಲಿಡಬೇಡಿ. ದೊಡ್ಡವರೂ ಅಷ್ಟೇ. ಅಪ್ಪ ಹಾಕದ ಜಾಕೆಟ್ಟನ್ನು ಮಗ ಹಾಕುವುದಿಲ್ಲ.

ಈಜುಕೊಳ ಇರುವ ಹೋಂಸ್ಟೇ ಬುಕ್ ಮಾಡುವಾಗ ಏನೇನು ಕೇಳಬೇಕು?

"ಸ್ವಿಮ್ಮಿಂಗ್ ಪೂಲ್ ಇದೆಯಾ?" ಎಂದು ಎಲ್ಲರೂ ಕೇಳುತ್ತಾರೆ. "ಸುತ್ತ ಬೇಲಿ ಇದೆಯಾ?" ಎಂದು ಕೇಳುವವರು ಕಡಿಮೆ. ಫೋನಿನಲ್ಲೇ ಕೇಳಿ. ಕೋಣೆಯ ಬಾಗಿಲು ನೇರ ಕೊಳಕ್ಕೆ ತೆರೆಯುತ್ತದಾ? ಅತ್ಯಂತ ಆಳ ಎಷ್ಟು, ಅದು ಯಾವ ಬದಿ, ಆಳ ನಿಧಾನಕ್ಕೆ ಹೆಚ್ಚುತ್ತದಾ ಅಥವಾ ಒಮ್ಮೆಲೇ ಇಳಿಯುತ್ತದಾ? ನೋಡಿಕೊಳ್ಳಲು ಈಜು ಬಲ್ಲ ಕೆಲಸದವರು ಇದ್ದಾರಾ? ಹೆಚ್ಚಿನ ಕಡೆ ಇರುವುದಿಲ್ಲ. ಇಲ್ಲ ಎಂದು ನೇರ ಹೇಳುವ ಮಾಲೀಕರ ಮೇಲೆ ನನಗೆ ನಂಬಿಕೆ ಜಾಸ್ತಿ.

ಅಲ್ಲಿಗೆ ಹೋದ ಮೇಲೆ, ಚೀಲ ಇಳಿಸುವ ಮೊದಲು ಒಬ್ಬರು ಕೊಳದ ಸುತ್ತ ಒಂದು ಸುತ್ತು ಬನ್ನಿ. ನೀರು ತಿಳಿಯಾಗಿದೆಯಾ? ಅತಿ ಆಳದ ಜಾಗದಲ್ಲಿ ತಳ ಕಾಣಬೇಕು. ಕಾಣದಿದ್ದರೆ ಮಕ್ಕಳನ್ನು ಇಳಿಸಬೇಡಿ. ಮುಳುಗಿದ ಮಗುವೂ ಆ ನೀರಿನಲ್ಲಿ ಕಾಣುವುದಿಲ್ಲ. ಮಲೆನಾಡಿನಲ್ಲಿ ಒಂದು ಜೋರು ಮಳೆ ಸಾಕು, ಕೆಂಪು ಮಣ್ಣು, ತರಗೆಲೆ ಸೇರಿ ಕೊಳ ಕೆರೆಯ ಹಾಗಾಗುತ್ತದೆ. ತಳದಲ್ಲಿ ನೀರು ಎಳೆದುಕೊಳ್ಳುವ ತೂತಿನ ಮೇಲೆ ಜಾಲರಿ ಭದ್ರವಾಗಿದೆಯಾ ನೋಡಿ. ಮುರಿದ ಜಾಲರಿಯ ಮೂಲಕ ಪಂಪ್ ಎಳೆಯುವ ಶಕ್ತಿಗೆ ಕೂದಲು, ಕೈ ಸಿಕ್ಕಿಕೊಂಡರೆ ದೊಡ್ಡವರಿಗೂ ಬಿಡಿಸಲು ಕಷ್ಟ. ಉದ್ದ ಕೂದಲಿದ್ದರೆ ಟೋಪಿ ಹಾಕಿಸಿ ಅಥವಾ ಬಿಗಿಯಾಗಿ ಕಟ್ಟಿ.

ಮೊಬೈಲ್‌ಗೆ ಸಿಗ್ನಲ್ ಎಲ್ಲಿ ಸಿಗುತ್ತದೆ, ಮನೆಯಲ್ಲಿ ಲ್ಯಾಂಡ್‌ಲೈನ್ ಅಥವಾ ವೈಫೈ ಇದೆಯಾ ಎಂದು ಅದೇ ಹೊತ್ತಿಗೆ ತಿಳಿದುಕೊಳ್ಳಿ. ಆಗುಂಬೆ ಕಡೆ, ತುಮರಿ ಕಡೆ ಹೋದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ನಾವೇ ಹೋಂಸ್ಟೇ ನಡೆಸುತ್ತೇವೆ. ಬೇಲಿ ಹಾಕಿದರೆ ಗುಡ್ಡದ ನೋಟ ಹಾಳಾಗುತ್ತದೆ, ಫೋಟೊ ಚೆನ್ನಾಗಿ ಬರಲ್ಲ.

ಹಾಳಾಗಲಿ. ದೊಡ್ಡವರು ನೋಡಿಕೊಳ್ಳುವುದೆಲ್ಲ ಮಕ್ಕಳು ನೀರಿನಲ್ಲಿದ್ದಾರೆ ಎಂದು ಗೊತ್ತಿರುವಾಗ. ತೀರಾ ಚಿಕ್ಕ ಮಕ್ಕಳು ನೀರಿಗೆ ಬೀಳುವುದು ಹೆಚ್ಚಾಗಿ ಯಾರೂ ಈಜದ ಹೊತ್ತಿನಲ್ಲಿ. ಬೆಳಿಗ್ಗೆ ಎಲ್ಲರೂ ಕಾಫಿ ಕುಡಿಯುವಾಗ, ಮಧ್ಯಾಹ್ನ ಊಟವಾಗಿ ಒಂದು ನಿದ್ದೆ ತೆಗೆಯುವಾಗ, ಸಾಯಂಕಾಲ ಹೊರಡುವ ಗಡಿಬಿಡಿಯಲ್ಲಿ. ಆ ಹೊತ್ತಿಗೆ ಕಾವಲು ನಿಲ್ಲುವುದು ಬೇಲಿ ಮಾತ್ರ.

ನಾಲ್ಕೂ ಬದಿ ಇರಬೇಕು. ಮೂರು ಬದಿ ಬೇಲಿ, ನಾಲ್ಕನೆಯದು ಮನೆಯ ಗೋಡೆ ಎಂದರೆ ಆಗಲಿಲ್ಲ, ಮಗು ಬರುವುದೇ ಮನೆಯೊಳಗಿನಿಂದ. ಎತ್ತರ ಕನಿಷ್ಠ ನಾಲ್ಕು ಅಡಿ, ಐದಾದರೆ ಇನ್ನೂ ಒಳ್ಳೆಯದು. ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬೇಡ. ಅಡ್ಡ ಪಟ್ಟಿಗಳಿದ್ದರೆ ಮಕ್ಕಳು ಏಣಿಯಂತೆ ಹತ್ತುತ್ತಾರೆ, ಆದ್ದರಿಂದ ಉದ್ದುದ್ದ ಕಂಬಿಯದ್ದೇ ಹಾಕಿಸಿ. ಗೇಟು ಹೊರಕ್ಕೆ, ಅಂದರೆ ಕೊಳದಿಂದ ಆಚೆಗೆ ತೆರೆಯಬೇಕು, ಕೈ ಬಿಟ್ಟರೆ ತಾನೇ ಮುಚ್ಚಿ ಚಿಲಕ ಬೀಳಬೇಕು. ಚಿಲಕ ಮಗುವಿನ ಕೈಗೆ ಎಟುಕದಷ್ಟು ಮೇಲಿರಲಿ. ಗೇಟಿಗೆ ಕಲ್ಲು ಒತ್ತಿ ತೆರೆದಿಡುವ ಅಭ್ಯಾಸ ಇದ್ದರೆ ಈ ಖರ್ಚೆಲ್ಲ ದಂಡ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ, ಹೂವಿನ ಕುಂಡ ಇಡಬೇಡಿ, ಅವು ಹತ್ತಲು ಮೆಟ್ಟಿಲಾಗುತ್ತವೆ.

ಬೇಲಿ ಬದಲು ರಾತ್ರಿ ಹೊತ್ತು ಟಾರ್ಪಾಲು ಹೊದಿಸುವವರಿದ್ದಾರೆ. ಅದು ಏನೂ ಇಲ್ಲದಿರುವುದಕ್ಕಿಂತ ಅಪಾಯ. ಅದರ ಮೇಲೆ ಕಾಲಿಟ್ಟ ಮಗು ಅದರಲ್ಲೇ ಸುತ್ತಿಕೊಂಡು ಒಳಗೆ ಹೋಗುತ್ತದೆ, ಮೇಲಿನಿಂದ ನೋಡಿದವರಿಗೆ ಕಾಣುವುದೂ ಇಲ್ಲ.

ಆಟ ಮುಗಿದ ಮೇಲೆ ಚೆಂಡು, ಬಾತುಕೋಳಿ ಬೊಂಬೆ ಎಲ್ಲ ನೀರಿನಿಂದ ತೆಗೆದುಬಿಡಿ. ಆಳದ ಗುರುತನ್ನು ಅಡಿಯಲ್ಲಿ, ಕನ್ನಡದಲ್ಲಿ, ದೊಡ್ಡದಾಗಿ ಬರೆಸಿ. ಒಂದು ಉದ್ದ ಗಳ, ಹಗ್ಗ ಕಟ್ಟಿದ ತೇಲುವ ಬಳೆ ಕೊಳದ ಪಕ್ಕದಲ್ಲೇ ಇರಲಿ, ಸ್ಟೋರ್ ರೂಮಿನಲ್ಲಲ್ಲ. ಕೆಲಸದವರಲ್ಲಿ ಇಬ್ಬರಿಗಾದರೂ ಸಿಪಿಆರ್, ಅಂದರೆ ಉಸಿರು ಊದಿ ಎದೆ ಒತ್ತಿ ಜೀವ ಉಳಿಸುವ ಕ್ರಮ, ಕಲಿಸಿ. ಪಂಪ್ ಮತ್ತು ನೀರೊಳಗಿನ ದೀಪದ ಲೈನಿಗೆ ಕರೆಂಟ್ ಸೋರಿದರೆ ತಾನೇ ಲೈನ್ ಕತ್ತರಿಸುವ, 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ನೀರಿನಲ್ಲಿದ್ದವರು ಮೈ ಜುಮ್ ಅನ್ನುತ್ತಿದೆ ಎಂದರೆ ನಗಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಎಲ್ಲರನ್ನೂ ಹೊರಗೆ ಕರೆಯಿರಿ.

ಮಕ್ಕಳ ಕೊಳ ಎರಡೇ ಅಡಿ. ಅಲ್ಲಿ ಬಿಡಬಹುದಾ?

ದೊಡ್ಡವರು ಪಕ್ಕದಲ್ಲಿದ್ದರೆ ಬಿಡಬಹುದು. ಮೂಗು ಬಾಯಿ ಮುಚ್ಚುವಷ್ಟು ನೀರಿದ್ದರೆ ಸಾಕು, ಮಗು ಮುಳುಗುತ್ತದೆ. ಇನ್ನು ಆಳ ಕಡಿಮೆ ಇರುವ ಕಡೆ ತಲೆ ಕೆಳಗೆ ಮಾಡಿ ಧುಮುಕುವುದು ಬೇರೆ ಅಪಾಯ, ಕತ್ತಿನ ಮೂಳೆ ಮುರಿಯುತ್ತದೆ. ಒಂಬತ್ತು ಅಡಿಗಿಂತ ಕಡಿಮೆ ನೀರಿಗೆ ಡೈವ್ ಬೇಡ. ನಮ್ಮ ಕಡೆಯ ಹೋಂಸ್ಟೇ ಕೊಳಗಳು ಅಷ್ಟು ಆಳ ಇರುವುದು ಅಪರೂಪ.

ಊಟ ಮಾಡಿ ನೀರಿಗಿಳಿದರೆ ಮುಳುಗುತ್ತಾರಂತೆ, ನಿಜವಾ?

ಇಲ್ಲ. ಹೊಟ್ಟೆ ತುಂಬ ಹಲಸಿನಹಣ್ಣು ತಿಂದು ಇಳಿದರೆ ವಾಂತಿ ಆಗಬಹುದು ಅಷ್ಟೇ. ದೊಡ್ಡವರು ಕುಡಿದು ಇಳಿಯುವುದು ಅಥವಾ ಕುಡಿದು ಕಾವಲು ಕೂರುವುದು ಮಾತ್ರ ನಿಜವಾಗಿಯೂ ಅಪಾಯ.

ಅಜ್ಜಿ ಮನೆಯಲ್ಲಿ ಕೊಳ ಇಲ್ಲ, ತೋಟದಲ್ಲಿ ಕೃಷಿ ಹೊಂಡ ಇದೆ. ಅಲ್ಲಿ ಈಜಿಸಬಹುದಾ?

ಬೇಡ. ನನ್ನನ್ನು ಕೇಳಿದರೆ ಈಜುಕೊಳಕ್ಕಿಂತ ಕೃಷಿ ಹೊಂಡ ಹೆಚ್ಚು ಅಪಾಯ. ನೀರು ಇಂಗಬಾರದೆಂದು ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟುತ್ತದೆ. ಬದಿಗಳು ಇಳಿಜಾರು. ಒಮ್ಮೆ ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈಜು ಚೆನ್ನಾಗಿ ಬಲ್ಲವರೂ ದಡದ ತನಕ ಬಂದು, ಹತ್ತಲು ಹೋಗಿ ಜಾರಿ, ಮತ್ತೆ ಹತ್ತಿ ಜಾರಿ ಸುಸ್ತಾಗುತ್ತಾರೆ. ಕಾಪಾಡಲು ಹೋದವರದ್ದೂ ಅದೇ ಗತಿ.

ಹೊಂಡ ಇರುವ ತೋಟದವರು ಸುತ್ತ ಬೇಲಿ ಹಾಕಿ ಗೇಟಿಗೆ ಬೀಗ ಹಾಕಿ. ಅದರ ಜೊತೆಗೆ ಹೊಂಡದ ನಾಲ್ಕೂ ಬದಿಯಲ್ಲಿ ಗಟ್ಟಿ ನೈಲಾನ್ ಹಗ್ಗ ಬಿಡಿ. ಎರಡೆರಡು ಅಡಿಗೆ ಗಂಟು ಹಾಕಿ, ಒಂದು ತುದಿ ಮೇಲಿನ ಗೂಟಕ್ಕೆ, ಇನ್ನೊಂದು ತುದಿ ನೀರಿನ ತಳದ ತನಕ. ಹಳೆ ಟೈರುಗಳನ್ನು ಸಾಲಾಗಿ ಕಟ್ಟಿ ಇಳಿಬಿಟ್ಟರೂ ಆಗುತ್ತದೆ. ಗಾಳಿ ತುಂಬಿದ ಲಾರಿ ಟ್ಯೂಬ್ ಒಂದು, ಅಥವಾ ಬಿರಡೆ ಬಿಗಿಯಾದ ಖಾಲಿ ಕ್ಯಾನ್ ಎರಡು ನೀರಿನ ಮೇಲೆ ಸದಾ ತೇಲುತ್ತಿರಲಿ. ಖರ್ಚು ತೀರಾ ಕಡಿಮೆ.

ರಜೆಗೆ ಬಂದ ಮಕ್ಕಳಿಗೆ ತೋಟದ ನೆಲ ಗೊತ್ತಿರುವುದಿಲ್ಲ. ಊರಿನ ಹುಡುಗರಿಗೆ ಎಲ್ಲಿ ಬಾವಿ, ಎಲ್ಲಿ ಹಳೆ ಗುಂಡಿ, ಎಲ್ಲಿ ಗೊಬ್ಬರ ಗ್ಯಾಸಿನ ತೊಟ್ಟಿ ಎಂದು ಕಾಲಿಗೇ ಗೊತ್ತು. ಬಂದ ದಿನವೇ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೊಂದನ್ನೂ ತೋರಿಸಿ.

ಮಗುವಿಗೆ ಒಂದೂವರೆ ವರ್ಷ. ಹೊರಗೆ ಬಿಡುವುದೇ ಇಲ್ಲ. ಮನೆಯೊಳಗೆ ಏನು ಅಪಾಯ?

ಬಚ್ಚಲಿನ ಬಕೆಟ್. ಆ ವಯಸ್ಸಿನ ಮಗುವಿಗೆ ಮೈಗೆ ಹೋಲಿಸಿದರೆ ತಲೆಯ ಭಾರ ಜಾಸ್ತಿ. ಬಗ್ಗಿ ನೋಡಲು ಹೋಗಿ ತಲೆಕೆಳಗಾಗಿ ಬಿದ್ದರೆ ತಾನೇ ಏಳಲು ಆಗುವುದಿಲ್ಲ. ಮಲೆನಾಡಿನ ಮನೆಯಲ್ಲಿ ಇನ್ನೂ ಇವೆ: ಕೊಟ್ಟಿಗೆಯ ಕಲಗಚ್ಚಿನ ಬಾನಿ, ಹಿತ್ತಿಲಿನ ಕಲ್ಲುತೊಟ್ಟಿ, ಮುಚ್ಚಳ ಸರಿದ ಸಂಪು, ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸುವ ಡ್ರಮ್ಮು. ಔಷಧಿ ಹೊಡೆದು ಮುಗಿದ ಮೇಲೆ ಡ್ರಮ್ಮನ್ನು ತೊಳೆದು ಬೋರಲು ಹಾಕಿ. ಇಲ್ಲವಾದರೆ ಮೊದಲ ಮಳೆಗೇ ತುಂಬಿ ನಿಲ್ಲುತ್ತದೆ. ಬಚ್ಚಲ ಬಾಗಿಲಿಗೆ ಮೇಲ್ಗಡೆ ಒಂದು ಚಿಲಕ ಹಾಕಿಸಿ. ರಾತ್ರಿ ಬಕೆಟ್ ತುಂಬಿಡುವ ಅಭ್ಯಾಸವನ್ನು ಮಗು ದೊಡ್ಡದಾಗುವ ತನಕ ಬಿಟ್ಟುಬಿಡಿ.

ಕೊಳದಲ್ಲಿ ಚೆನ್ನಾಗಿ ಈಜುತ್ತಾಳೆ. ಈ ಸಲ ತುಂಗೆಗೆ ಕರೆದುಕೊಂಡು ಹೋಗೋಣ ಅಂತಿದ್ದೇವೆ.

ಹೊಳೆಯ ತಳ ಟೈಲ್ಸ್ ಅಲ್ಲ. ಬೇಸಿಗೆಯಲ್ಲಿ ತುಂಗೆ, ಭದ್ರೆ ಮೊಣಕಾಲು ನೀರಿಗೆ ಇಳಿದು ಬಂಡೆ ಕಾಣುತ್ತಿರುತ್ತದೆ. ನೋಡಿದರೆ ಮಗುವೂ ದಾಟಬಹುದು ಅನ್ನಿಸುತ್ತದೆ. ಎರಡು ಹೆಜ್ಜೆ ಆಚೆ ಮಡು ಇರುತ್ತದೆ, ಅಥವಾ ಮರಳು ತೆಗೆದ ಗುಂಡಿ. ಮೇಲಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಬಂಡೆಯ ಮೇಲೆ ಪಾಚಿ, ಸಂದಿಯಲ್ಲಿ ಸುಳಿ. ಕೂಡ್ಲಿಯಲ್ಲಿ ಎರಡು ಹೊಳೆ ಸೇರುವಂಥ ಜಾಗದಲ್ಲಿ ಸೆಳೆತದ ದಿಕ್ಕೇ ಬದಲಾಗುತ್ತದೆ. ಗಾಜನೂರು, ಲಕ್ಕವಳ್ಳಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ಮಟ್ಟ ಏರುತ್ತದೆ, ಘಟ್ಟದ ಮೇಲೆ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ಹಳ್ಳ ಕೆಂಪಗೆ ಬರುತ್ತದೆ. ನೀರಿನ ಬಣ್ಣ ಬದಲಾದರೆ, ಕಸಕಡ್ಡಿ ತೇಲಿ ಬರತೊಡಗಿದರೆ ಆ ಕ್ಷಣ ಎದ್ದು ಬನ್ನಿ.

ಹೋಗಲೇಬೇಕೆಂದರೆ ಆ ಊರಿನವರು ದಿನಾ ಸ್ನಾನ ಮಾಡುವ ಜಾಗಕ್ಕೆ, ಅವರನ್ನು ಕೇಳಿ, ಅವರ ಜೊತೆಗೇ ಹೋಗಿ. "ಇಲ್ಲಿ ಇಳಿಯಬೇಡಿ" ಎಂದು ಅವರು ಹೇಳಿದರೆ ಕಾರಣ ಕೇಳಿ ವಾದ ಮಾಡಬೇಡಿ. ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿ, ಸೊಂಟದ ಮಟ್ಟ ದಾಟಿಸಬೇಡಿ.

ನಾಲೆಗಂತೂ ಇಳಿಸಲೇಬೇಡಿ. ತುಂಗಾ ನಾಲೆ ಶಿವಮೊಗ್ಗ ಪೇಟೆಯ ಒಳಗೇ ಹರಿಯುತ್ತದೆ, ಭದ್ರಾ ನಾಲೆ ಗದ್ದೆ ತೋಟದ ನಡುವೆ. ಬೇಸಿಗೆ ಬೆಳೆಗೆ ನೀರು ಬಿಟ್ಟಾಗ ಹುಡುಗರಿಗೆ ಅದೇ ಈಜುಕೊಳ. ಕಾಂಕ್ರೀಟ್ ಬದಿ ನುಣುಪು, ನೀರು ನೋಡಲು ಶಾಂತ, ಒಳಗಿನ ಓಟ ಜೋರು. ಬಿದ್ದ ಕಡೆ ಹತ್ತಲು ಆಗುವುದಿಲ್ಲ, ಹತ್ತಲು ಆಗುವ ಜಾಗ ಬರುವಷ್ಟರಲ್ಲಿ ತೂಬೋ ಸೇತುವೆಯೋ ಬಂದಿರುತ್ತದೆ.

ಹದಿಮೂರು ಹದಿನಾಲ್ಕರ ಹುಡುಗರು ನಮ್ಮ ಮಾತು ಕೇಳುವುದಿಲ್ಲ. ಏನು ಮಾಡುವುದು?

ಬೈಯುವುದರಿಂದ ಆಗುವುದಿಲ್ಲ. ಎರಡು ವಿಷಯ ಬಿಡಿಸಿ ಹೇಳಿ, ಕಾರಣದ ಸಮೇತ. ಮೊದಲನೆಯದು ಉಸಿರು ಹಿಡಿಯುವ ಪಂದ್ಯ. ನೀರಿಗಿಳಿಯುವ ಮೊದಲು ಜೋರಾಗಿ ಐದಾರು ಸಲ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕು ಎಂದು ಮೈಗೆ ಹೇಳುವುದು ಅದೇ. ಅದು ಏರುವ ಮೊದಲೇ ಆಮ್ಲಜನಕ ಮುಗಿದು, ಯಾವ ಸೂಚನೆಯೂ ಇಲ್ಲದೆ ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಹೀಗೆ ಹೋಗುವವರು ಒಳ್ಳೆಯ ಈಜುಗಾರರೇ.

ಎರಡನೆಯದು, ಗೆಳೆಯ ಮುಳುಗುತ್ತಿದ್ದರೆ ಹಾರಬಾರದು ಅನ್ನುವುದು. ಇದಕ್ಕೆ ಮುಂದಿನ ಉತ್ತರ ಓದಿಸಿ.

ಯಾರೋ ಮುಳುಗುತ್ತಿದ್ದಾರೆ. ನೋಡಿಕೊಂಡು ನಿಲ್ಲಬೇಕಾ?

ನಿಲ್ಲಬೇಡಿ, ಹಾರಲೂಬೇಡಿ. ಮುಳುಗುವವರು ಸಿಕ್ಕಿದ್ದನ್ನು ತಬ್ಬಿ ಕೆಳಗೆ ಒತ್ತುತ್ತಾರೆ, ಅವರ ತಪ್ಪಲ್ಲ, ಮೈ ಹಾಗೆ ಮಾಡಿಸುತ್ತದೆ. 2024ರ ನವೆಂಬರಿನಲ್ಲಿ ಉಳ್ಳಾಲದ ಹತ್ತಿರದ ರೆಸಾರ್ಟ್ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ತೀರಿಕೊಂಡರು. ನೀರು ಆರು ಅಡಿಯಷ್ಟಿತ್ತು. ಒಬ್ಬರ ನೆರವಿಗೆ ಇನ್ನೊಬ್ಬರು ಹೋಗಿ ಮೂವರೂ ಉಳಿಯಲಿಲ್ಲ. ಕೆರೆ, ನಾಲೆಯ ಸುದ್ದಿಗಳಲ್ಲೂ ಇದೇ ಮರುಕಳಿಸುತ್ತದೆ.

ಮೊದಲು ಕೂಗಿ ಜನ ಸೇರಿಸಿ. ದಡದಲ್ಲಿ ಮಲಗಿ ಏನಾದರೂ ಉದ್ದದ್ದು ಚಾಚಿ. ಅಡಿಕೆ ತೋಟದವರ ಮನೆಯಲ್ಲಿ ದೋಟಿ ಇರುತ್ತದೆ, ಅದಕ್ಕಿಂತ ಒಳ್ಳೆಯ ಸಾಧನ ಬೇಡ, ಕತ್ತಿ ಕಟ್ಟಿದ ತುದಿ ನಿಮ್ಮ ಕಡೆಗಿರಲಿ. ಹತ್ತಿರ ವಿದ್ಯುತ್ ತಂತಿ ಇದೆಯಾ ನೋಡಿಕೊಂಡು ಎತ್ತಿ. ಇಲ್ಲವೇ ಸೀರೆ, ಪಂಚೆ, ಬೆಲ್ಟುಗಳನ್ನು ಕಟ್ಟಿ ಎಸೆಯಿರಿ. ಎಟುಕದಿದ್ದರೆ ತೇಲುವಂಥದ್ದು ಎಸೆಯಿರಿ: ಖಾಲಿ ಕ್ಯಾನ್, ಬಾಟಲಿ ತುಂಬಿದ ಚೀಲ, ಫುಟ್‌ಬಾಲ್. ಮಕ್ಕಳಿಗೆ ಇದನ್ನು ಆಟದ ಹಾಗೆ ಅಭ್ಯಾಸ ಮಾಡಿಸಬಹುದು, ಅಂಗಳದಲ್ಲೇ.

ನೀರಿನಿಂದ ತೆಗೆದ ಮೇಲೆ ತಲೆಕೆಳಗೆ ಹಿಡಿದು, ಹೊಟ್ಟೆ ಒತ್ತಿ ನೀರು ತೆಗೆಯಬೇಕಲ್ವಾ?

ಬೇಡ. ಹೊಟ್ಟೆ ಒತ್ತಿದರೆ ಊಟ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ, ಹೊತ್ತೂ ಹಾಳು. ಮುಳುಗಿದವರಿಗೆ ಕೊರತೆ ಆಗಿರುವುದು ಗಾಳಿ. ಗಾಳಿ ಕೊಡಬೇಕು, ತಕ್ಷಣ. ನಾಲ್ಕೈದು ನಿಮಿಷ ಆಮ್ಲಜನಕ ಇಲ್ಲದಿದ್ದರೆ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಆಂಬುಲೆನ್ಸ್ ತೀರ್ಥಹಳ್ಳಿಯಿಂದ ನಿಮ್ಮ ಮನೆಗೆ ಬರಲು ಎಷ್ಟು ಹೊತ್ತು ಬೇಕು ಎಂದು ನೀವೇ ಲೆಕ್ಕ ಹಾಕಿ.

ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಕರೆದು, ತಟ್ಟಿ ನೋಡಿ. ಎಚ್ಚರ ಇಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದರೆ ಒಬ್ಬರಿಗೆ 112 ಅಥವಾ 108ಕ್ಕೆ ಫೋನ್ ಮಾಡಲು ಹೇಳಿ. ನೀವು ಶುರು ಮಾಡಿ. ಹಣೆ ಹಿಂದಕ್ಕೆ ವಾಲಿಸಿ ಗಲ್ಲ ಮೇಲೆತ್ತಿ. ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಎದೆ ಏಳುವಷ್ಟು ಉಸಿರು ಊದಿ, ಐದು ಸಲ. ಕೆಲವು ತರಬೇತಿಗಳಲ್ಲಿ ಎರಡು ಸಲ ಎಂದು ಕಲಿಸುತ್ತಾರೆ, ಅದೂ ಸರಿ. ಕೂಸಾದರೆ ಅದರ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಿ ಮೆಲ್ಲಗೆ ಊದಿ. ಆಮೇಲೆ ಎದೆಯ ನಡುವೆ, ಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡ ಇಟ್ಟು 30 ಸಲ ಒತ್ತಿ. ಎದೆಯ ದಪ್ಪದ ಮೂರನೇ ಒಂದರಷ್ಟು, ಅಂದರೆ ಮಕ್ಕಳಿಗೆ ಸುಮಾರು 5 ಸೆಂಟಿಮೀಟರ್, ಕೂಸಿಗೆ ಎರಡು ಹೆಬ್ಬೆರಳಿನಲ್ಲಿ 4 ಸೆಂಟಿಮೀಟರ್ ಇಳಿಯಬೇಕು. ವೇಗ ನಿಮಿಷಕ್ಕೆ 100ರಿಂದ 120. ಮತ್ತೆ ಎರಡು ಉಸಿರು, ಮತ್ತೆ 30. ಮಗು ಉಸಿರಾಡುವ ತನಕ ಅಥವಾ ನೆರವು ಬರುವ ತನಕ ನಿಲ್ಲಿಸಬೇಡಿ. ಬಾಯಿಂದ ನೊರೆ ಬರುತ್ತದೆ, ಒರೆಸುತ್ತ ಕೂರಬೇಡಿ. ವಾಂತಿ ಆದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಸ್ವಚ್ಛ ಮಾಡಿ ಮುಂದುವರಿಸಿ.

ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಜೀವ ಬರುತ್ತದೆ ಅನ್ನುವ ವಿಡಿಯೊ ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. 2023ರ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯಲ್ಲಿ ನೀರಿನಲ್ಲಿ ಮುಳುಗಿದ ಇಬ್ಬರು ಹುಡುಗರನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನಲ್ಲಿ ಮಲಗಿಸಿ ಕಾದರು. ಜೀವ ಬರಲಿಲ್ಲ. ಆ ಸಂಕಟದಲ್ಲಿರುವವರನ್ನು ದೂರುವುದಕ್ಕೆ ನನಗೆ ಬಾಯಿ ಬರುವುದಿಲ್ಲ, ವಿಡಿಯೊ ಮಾಡಿ ಹಂಚುವವರ ಮೇಲೆ ಸಿಟ್ಟು ಬರುತ್ತದೆ. ನಿಮಗೆ ಬಂದರೆ ಅಳಿಸಿಹಾಕಿ, ಕಳಿಸಿದವರಿಗೂ ಹೇಳಿ.

ಕೆಮ್ಮಿ ಎದ್ದು ಕೂತಿದ್ದಾನೆ, ಈಗ ಆರಾಮ ಇದ್ದಾನೆ. ಆಸ್ಪತ್ರೆಗೆ ಹೋಗಬೇಕಾ?

ಪ್ರಜ್ಞೆ ತಪ್ಪಿದ್ದರೆ, ಉಸಿರು ಕೊಟ್ಟು ಎಬ್ಬಿಸಿದ್ದರೆ, ಎಷ್ಟೇ ಆರಾಮ ಕಂಡರೂ ಹೋಗಲೇಬೇಕು. ತಾಲ್ಲೂಕು ಆಸ್ಪತ್ರೆ ಹತ್ತಿರ ಇದ್ದರೆ ಮೊದಲು ಅಲ್ಲಿಗೆ, ನೇರ ಶಿವಮೊಗ್ಗದ ಮೆಗ್ಗಾನಿಗೇ ಹೋಗುತ್ತೇವೆ ಎಂದು ದಾರಿಯಲ್ಲಿ ಹೊತ್ತು ಕಳೆಯಬೇಡಿ. ಬರೀ ಒಂದು ಗುಟುಕು ನೀರು ನೆತ್ತಿಗೇರಿ ಕೆಮ್ಮಿ ಸರಿಯಾದ ಮಗುವಿಗೆ ಆಸ್ಪತ್ರೆ ಬೇಡ. ಆದರೆ ಎಂಟು ಗಂಟೆ ಹೊತ್ತು ಕಣ್ಣಿಡಿ. ಕೆಮ್ಮು ಬಿಡದಿದ್ದರೆ, ಉಸಿರು ಜೋರಾದರೆ, ಪಕ್ಕೆಲುಬಿನ ಸಂದು ಒಳಕ್ಕೆ ಎಳೆಯುತ್ತಿದ್ದರೆ, ಮಂಕಾಗಿದ್ದರೆ ಹೊರಡಿ. ವಾರ ಕಳೆದ ಮೇಲೆ ಇದ್ದಕ್ಕಿದ್ದಂತೆ "ಒಣ ಮುಳುಗು" ಆಗಿ ಸಾಯುತ್ತಾರೆ ಎಂಬ ವಾಟ್ಸಾಪ್ ಸುದ್ದಿಗೆ ಹೆದರಬೇಡಿ, ವೈದ್ಯರು ಆ ಹೆಸರನ್ನೇ ಬಳಸುವುದಿಲ್ಲ.

ಕೊಳದ ನೀರಿನಿಂದ ಕಾಯಿಲೆ ಬರುತ್ತದಾ?

ಕ್ಲೋರಿನ್ ಸರಿಯಾಗಿದ್ದರೆ ಭಯ ಕಡಿಮೆ. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್, ಪಿಎಚ್ 7.2ರಿಂದ 7.8 ಇರಬೇಕು. ಪರೀಕ್ಷೆಯ ಪಟ್ಟಿ ಅಗ್ಗಕ್ಕೆ ಸಿಗುತ್ತದೆ. ಕೊಳದ ಹತ್ತಿರ ಮೂಗಿಗೆ ಘಾಟು ಹೊಡೆದು ಕಣ್ಣು ಕೆಂಪಾದರೆ ಕ್ಲೋರಿನ್ ಜಾಸ್ತಿಯಾಗಿದೆ ಎಂದು ತಿಳಿಯುತ್ತೇವೆ. ಅದು ಹೆಚ್ಚಾಗಿ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟಿದ ಘಾಟು. ಸ್ನಾನ ಮಾಡಿ ಇಳಿಯಿರಿ, ಮಕ್ಕಳನ್ನು ಆಗಾಗ ಶೌಚಕ್ಕೆ ಎಬ್ಬಿಸಿ. ಭೇದಿ ಆಗುತ್ತಿರುವ ಮಗುವನ್ನು ಇಳಿಸಬೇಡಿ, ಭೇದಿ ತರುವ ಒಂದು ಪರಾವಲಂಬಿ ಕ್ಲೋರಿನ್ ನೀರಿನಲ್ಲೂ ವಾರದ ಮೇಲೆ ಬದುಕುತ್ತದೆ.

ಕೇರಳದಲ್ಲಿ ಮಕ್ಕಳಿಗೆ ಬಂದ ಮೆದುಳಿನ ಅಮೀಬಾ ಸೋಂಕಿನ ಸುದ್ದಿ ಕೇಳಿ ಹಲವರು ಗಾಬರಿಯಾಗಿದ್ದಾರೆ. ಅದು ತೀರಾ ಅಪರೂಪ. ಬೆಚ್ಚಗಿನ, ಕ್ಲೋರಿನ್ ಇಲ್ಲದ ನಿಂತ ನೀರು ಮೂಗಿನ ಮೂಲಕ ಒಳಗೆ ಹೋದರೆ ಬರುತ್ತದೆ, ಕುಡಿದರೆ ಬರುವುದಿಲ್ಲ. ಬೇಸಿಗೆಯ ಕೆರೆ, ಪಾಚಿ ಕಟ್ಟಿದ ತೊಟ್ಟಿಯಲ್ಲಿ ಮುಳುಗಿಸಬೇಡಿ. ನಿಂತ ನೀರಿನಿಂದ ನಮ್ಮ ಜಿಲ್ಲೆಯಲ್ಲಿ ಇಲಿಜ್ವರದ ಭಯವೂ ಇದೆ. ಕಾಲಲ್ಲಿ ಗಾಯ ಇದ್ದವರು ಇಳಿಯದಿರುವುದೇ ಒಳ್ಳೆಯದು.

ಯಾವ ಬಣ್ಣದ ಈಜುಡುಗೆ ಒಳ್ಳೆಯದು?

ಕಿತ್ತಳೆ, ಕಣ್ಣು ಕುಕ್ಕುವ ಹಳದಿ, ಗಾಢ ಗುಲಾಬಿ. ತಿಳಿನೀಲಿ, ಬಿಳಿ ಬಟ್ಟೆ ನೀಲಿ ಟೈಲ್ಸಿನ ಕೊಳದಲ್ಲಿ ಕಾಣುವುದೇ ಇಲ್ಲ. ಅಂಗಡಿಯಲ್ಲಿ ಹುಡುಗರಿಗೆಂದು ಇಟ್ಟಿರುವುದೆಲ್ಲ ನೀಲಿಯೇ, ಏನು ಮಾಡುವುದು.

ಸಾಯಂಕಾಲ ಗುಡುಗು ಕೇಳಿಸುತ್ತದೆ, ಮಳೆ ಇನ್ನೂ ಬಂದಿಲ್ಲ. ಇನ್ನೊಂದರ್ಧ ಗಂಟೆ ಆಡಲಿ ಬಿಡಿ?

ಎಬ್ಬಿಸಿ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ನಮ್ಮಲ್ಲಿ ಸಿಡಿಲಿನ ಮಳೆಗಳು. ಗುಡುಗು ಕೇಳಿಸಿತು ಎಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ. ಮನೆಯೊಳಗೆ ಹೋಗಿ, ಮರದ ಕೆಳಗಲ್ಲ, ತಗಡಿನ ಶೆಡ್ಡಿಗೂ ಅಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಮತ್ತೆ ಇಳಿಯಬಹುದು.

ಕಾಡಿನ ಹಳ್ಳಕ್ಕೆ ನಡೆದುಕೊಂಡು ಹೋಗುತ್ತೇವೆ. ಮಂಗನ ಕಾಯಿಲೆ ಭಯ ಇದೆಯಾ?

ಇದೆ. ನೀರಿನಿಂದಲ್ಲ, ದಾರಿಯ ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ರಜೆಯ ಕಾಲದಲ್ಲೇ. ಆ ಸುತ್ತಿನಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಹೋಗಲೇಬೇಡಿ. ಹೋಗುವುದಾದರೆ ಮೈ ಮುಚ್ಚುವ ಬಟ್ಟೆ ಹಾಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ನೀರಿಗಿಳಿದರೆ ಎಣ್ಣೆ ತೊಳೆದು ಹೋಗುತ್ತದೆ, ವಾಪಸ್ ಹೊರಡುವ ಮೊದಲು ಮತ್ತೆ ಹಚ್ಚಬೇಕು. ಮನೆಗೆ ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ. ಮುಂದಿನ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬಂದರೂ ಇದನ್ನು ಮರೆಯದೆ ಹೇಳಿ, ಅಲ್ಲಿಯ ಡಾಕ್ಟರಿಗೆ ಇದು ಥಟ್ಟನೆ ಹೊಳೆಯಲಿಕ್ಕಿಲ್ಲ.